ಚಿಲ್ಲರೆ ಬಿಟ್ಟು ಹದಿನಾರು

ಲಿಂಗರಾಜಪುರದ ಮೇಲ್ಸೇತುವೆ ಇಳಿದರೆ ಕೋಳಿ ಅಂಗಡಿ,
ಅದರ ನೆತ್ತಿಯ ಮೇಲೆ ಸಗಾಯರಾಜರ ಕೋಣೆ.
ಮೂವತ್ತು ವರ್ಷ ಬೋರ್‌ವೆಲ್ ಮೋಟರಿಗೆ ತಂತಿ ಸುತ್ತಿದ ಕೈ
ಈಗ ಗಿಟಾರಿನ ಪಿಕಪ್ಪಿಗೆ ಸುತ್ತುತ್ತದೆ:
ಕೂದಲಿಗಿಂತ ತೆಳುವಾದ ತಾಮ್ರ,
ಜೋರಾಗಿ ಉಸಿರು ಬಿಟ್ಟರೂ ಹರಿಯುವ ತಾಮ್ರ.

ಮೂರು ಹಂಬಕರ್ ಮೇಜಿನ ಮೇಲಿಟ್ಟರು.
ಬೆನ್ನಿಗೆ ಪ್ಲಾಸ್ಟರ್ ಪಟ್ಟಿ, ಪಟ್ಟಿಯ ಮೇಲೆ ಬಾಲ್‌ಪೆನ್ನಿನ ಲೆಕ್ಕ.
ಒಂದರದು ಎಂಟು ಸಾವಿರ ಸುತ್ತು,
ಒಂದರದು ಆರು ಸಾವಿರದ ಎಂಟುನೂರು,
ಮೂರನೆಯದರ ಮೇಲೆ ಬರೀ ಒಂದು ಪ್ರಶ್ನೆಚಿಹ್ನೆ.
"ಅದನ್ನ ಕೊನೇಗೆ ನೋಡಿ ಮೇಡಂ."

ಬೆನ್ನು ಕೊರೆದ ಗಿಟಾರೊಂದು ಅವರಲ್ಲಿದೆ,
ತಂತಿ ಬಿಚ್ಚದೆ, ಹಿಂದಿನಿಂದಲೇ
ಒಂದನ್ನು ತೆಗೆದು ಇನ್ನೊಂದನ್ನು ತುರುಕಬಹುದು.

ಮೊದಲು ಎಂಟು ಸಾವಿರ. ಒಂದೇ ಬಡಿತ.
ಕೆಳಗೆ ಕೋಳಿಗಳೆಲ್ಲ ಸುಮ್ಮನಾದವು.
ಅಂಗೈಯ ಅಂಚಲ್ಲಿ ತಂತಿ ಒತ್ತಿ ಬಾರಿಸಿದರೆ
ಒನಕೆ ಬಿದ್ದ ಹಾಗೆ, ನೇರ ಎದೆಗೆ.
ಆಹಾ ಎಂದೆ.
ಸಗಾಯರಾಜ್ ನಗಲಿಲ್ಲ.
ಆಂಪಿನ ಕಿವಿ ಹಿಂಡಿ ಸದ್ದು ಇಳಿಸಿದರು, ಉಳಿದೆರಡರ ಮಟ್ಟಕ್ಕೆ.
"ಜೋರಾಗಿರೋದೆಲ್ಲ ಚೆನ್ನಾಗಿದೆ ಅನ್ಸತ್ತೆ. ಈಗ ಕೇಳಿ."

ಈಗ ಕೇಳಿದೆ.
ಗುಂಟೂರು ಮೆಣಸಿನಕಾಯಿ ಅದು,
ಖಾರವಿದೆ, ಬ್ಯಾಡಗಿಯ ಬಣ್ಣವಿಲ್ಲ.
ಮೆಲ್ಲಗೆ ಮುಟ್ಟಿದರೂ ಗದರಿಕೆ, ಗುದ್ದಿದರೂ ಅದೇ ಗದರಿಕೆ.
ನನ್ನ ಉಂಗುರಬೆರಳು ಕೂದಲೆಳೆ ತಡವಾಗಿ ಇಳಿದದ್ದು
ಅದಕ್ಕೆ ಗೊತ್ತೇ ಆಗಲಿಲ್ಲ.
ಇಷ್ಟವಾಯಿತು, ಸುಳ್ಳು ಯಾಕೆ.
ತಪ್ಪಿನ ಮೇಲೆ ಕಂಬಳಿ ಹೊದಿಸುವವರು ಯಾರಿಗೆ ಬೇಡ?

ಎರಡನೆಯದು ಪಾಪ, ಎಲ್ಲ ಹೇಳಿಬಿಡುತ್ತದೆ.
ವಾಲ್ಯೂಮು ಮೂರಕ್ಕೆ ಇಳಿಸಿದರೆ
ಆರೂ ತಂತಿ ಬೇರೆ ಬೇರೆ, ತೊಳೆದು ಬೋರಲಿಟ್ಟ ಲೋಟಗಳ ಹಾಗೆ.
ಹತ್ತಕ್ಕೆ ಏರಿಸಿದರೆ ಮಾತ್ರ ಮಂದ್ರದಲ್ಲಿ ಕೆಸರು,
ಹೆಣ್ಣೂರು ರಸ್ತೆ ಅಗೆದ ಮಾರನೇ ದಿನದ ಕೆಸರು.
ಅವರು ತಿರುಪನ್ನು ಅರ್ಧ ಸುತ್ತು ತಿರುಗಿಸಿದರು.
ಪಿಕಪ್ಪು ತಂತಿಯಿಂದ ಅಕ್ಕಿಕಾಳಿನಷ್ಟು ಕೆಳಗಿಳಿಯಿತು,
ಕೆಸರು ಸ್ವಲ್ಪ ಆರಿತು.

ನಡುವೆ ಕಾಫಿ ಬಂತು. ಆಂಪು ಆನ್ ಇದ್ದೂ ಕೋಣೆ ನಿಶ್ಶಬ್ದ.
ಒಂದು ಸುರುಳಿ ಹಾಗೆ ಸುತ್ತಿದೆ, ಜೊತೆಯದು ಹೀಗೆ;
ಟ್ಯೂಬ್‌ಲೈಟು, ಪಕ್ಕದ ಮನೆಯ ಮಿಕ್ಸಿ,
ಬೀದಿ ಕೊನೆಯ ಟ್ರಾನ್ಸ್‌ಫಾರ್ಮರು,
ಊರಿನ ಗುಂಯ್ ಎಲ್ಲ ಆ ಎರಡರ ನಡುವೆ
ಒಂದನ್ನೊಂದು ತಿಂದುಕೊಂಡು ಸಾಯುತ್ತದೆ.

ಆಮೇಲೆ ಪ್ರಶ್ನೆಚಿಹ್ನೆ.
ಮೀಟರು ಹದಿನಾರು ಕಿಲೋ ಓಮ್ ಅಂದಿತು,
ಚಿಲ್ಲರೆ ಬಿಟ್ಟರೆ ಮೊದಲನೆಯದರಷ್ಟೇ.
ಐದನೇ ತಂತಿ ಎಳೆದೆ, ಬಿಟ್ಟೆ.

ಸದ್ದು ಮುಗಿಯಬೇಕಾದಲ್ಲಿ ಮುಗಿಯಲಿಲ್ಲ.

ನಮ್ಮ ಸೋದರತ್ತೆ ತಂಬೂರಿಯ ಕುದುರೆಯ ಮೇಲೆ
ನೂಲಿನೆಳೆ ಸರಿಸಿ ಸರಿಸಿ ಹುಡುಕುತ್ತಿದ್ದಳಲ್ಲ, ಜೀವಾಳ,
ಅದು ಇಲ್ಲಿ, ಈ ಗರಗರದೊಳಗೆ,
ಕೋಳಿ ಅಂಗಡಿಯ ಮೇಲೆ.
ಉಂಗುರಬೆರಳಿನ ತಡವೂ ಕೇಳಿಸಿತು.
ಅದೂ ರಾಗದ ಭಾಗವೇನೋ ಎಂಬಂತೆ.

"ಎಷ್ಟು ಸುತ್ತು?"
"ಆವತ್ತು ಎಣಿಸೋ ಮುಳ್ಳು ಜಾಮ್ ಆಯ್ತು.
ಸೊಸೆಗೆ ಹೆರಿಗೆ, ಆಸ್ಪತ್ರೆಯಿಂದ ಫೋನು.
ಭುಜದಲ್ಲಿ ಫೋನ್ ಸಿಕ್ಕಿಸ್ಕೊಂಡು ಸುತ್ತತಾನೇ ಇದ್ದೆ.
ಒಂದ್ಕಡೆ ಬಿಗಿ, ಒಂದ್ಕಡೆ ಸಡಿಲ.
ಆಮೇಲೆ ಹನ್ನೊಂದು ಮಾಡ್ದೆ ಇದರ ಥರ. ಒಂದೂ ಬರಲಿಲ್ಲ."
"ಬೆಲೆ?"
ಪಟ್ಟಿಯ ಅಂಚನ್ನು ಉಗುರಿನಿಂದ ಕೆರೆದರು.
"ಎಂಟು ಸಾವಿರದ್ದು ತಗೊಳ್ಳಿ. ಸ್ಟೇಜಿಗೆ ಅದೇ ಸರಿ."

ತಂದೆ. ಶನಿವಾರ ಕಮ್ಮನಹಳ್ಳಿಯಲ್ಲಿ ಬಾರಿಸಿದೆ.
ಜನ ಚೀರಿದರು. ಬೆರಳು ಎರಡು ಸಲ ತಡವಾಯಿತು,
ಯಾರಿಗೂ ತಿಳಿಯಲಿಲ್ಲ.

ವಾಪಸು ಬರುವಾಗ ಆಟೋದಲ್ಲಿ ನೆನಪಾಯಿತು:
ಮೊಮ್ಮಗನೋ ಮೊಮ್ಮಗಳೋ,
ಕೇಳಿಯೇ ಇರಲಿಲ್ಲ.