ಅಳಿಸಿದ್ದಕ್ಕೂ ಬರೆದದ್ದಕ್ಕೂ ನಡುವೆ

ಅಶೋಕ ರೋಡಿನ ರೈಲ್ವೆ ಗೇಟು ಬಿದ್ದಾಗಲೆಲ್ಲ
ಜೆರಾಕ್ಸ್ ಅಂಗಡಿಯ ಮೇಲಿನ ನನ್ನ ರೂಮು ಸಣ್ಣಗೆ ನಡುಗುತ್ತದೆ.
ಗೂಡ್ಸು ದಾಟುವತನಕ ನಾನು ಯಾವ ಟೇಪೂ ಹಾಕುವುದಿಲ್ಲ.
ಮದುಮಗಳ ಮೂಗುತಿ ಕೆನ್ನೆಗೆ ಜಾರಿದರೆ
ಬೈಸಿಕೊಳ್ಳುವವಳು ನಾನು, ಮಿಕ್ಸಿಂಗ್ ವನಜಾಕ್ಷಿ.

ಬರುವವರು ಚೀಲ ಸುರಿದು ಕೇಳುತ್ತಾರೆ: ಇದು ಯಾವುದು?
ಕೈಯಲ್ಲಿ ತೂಗಿ ಹೇಳುತ್ತೇನೆ.
ಇಟ್ಟಿಗೆಯಂಥದ್ದು ವಿಎಚ್‌ಎಸ್.
ಬೆಂಕಿಪೊಟ್ಟಣದಂಥದ್ದು ಮಿನಿ ಡಿವಿ,
ಅದರೊಳಗೆ ಚಿತ್ರವಿಲ್ಲ, ಬರೀ ಲೆಕ್ಕ, ಸೊನ್ನೆ ಮತ್ತು ಒಂದು.
ಹೈ ಏಯ್ಟು ಹಾಡಿನ ಕ್ಯಾಸೆಟ್ಟಿನ ದಪ್ಪನೆಯ ತಮ್ಮ,
ಅದರ ಕ್ಯಾಮೆರಾ ಇಟ್ಟುಕೊಂಡವರು ಈ ಊರಲ್ಲಿ ಇಬ್ಬರೇ.
ಒಬ್ಬರು ಕೊಡುವುದಿಲ್ಲ, ಇನ್ನೊಬ್ಬರದು ಕೆಟ್ಟಿದೆ.

ಖೈರುನ್ನೀಸಾ ತಂದದ್ದು ವಿಎಚ್‌ಎಸ್-ಸಿ.
ಅಪ್ಪನ ಅಂಗಿ ತೊಟ್ಟ ಹುಡುಗನ ಹಾಗೆ
ದೊಡ್ಡ ಕ್ಯಾಸೆಟ್ಟಿನ ಖಾಲಿ ಹೊಟ್ಟೆಯಲ್ಲಿ ಕೂತು
ಡೆಕ್ಕಿನೊಳಗೆ ಹೋಗಬೇಕು ಅದು.
ಲೇಬಲ್ಲಿನ ಮೇಲೆ 'ನಿಕಾಹ್' ಅಂತ ಇತ್ತು,
ಅದಕ್ಕೆ ಅಡ್ಡಗೆರೆ. ಕೆಳಗೆ ಇನ್ನೊಂದು ಪೆನ್ನಿನಲ್ಲಿ
'ಹೈಸ್ಕೂಲ್ ಫೀಲ್ಡ್, ಸೆಮಿಫೈನಲ್'.

"ನಮ್ಮಣ್ಣನ ಕೆಲಸ. ಹೊಸ ಟೇಪಿಗೆ ದುಡ್ಡಿರಲಿಲ್ಲಂತೆ.
ಕೆಳಗೆ ಏನಾರ ಇರತೈತೇನ್ರೀ, ಕೆರೆದು ನೋಡಿದ್ರೆ?"

ಇರುವುದಿಲ್ಲ. ಗೋಡೆಯಲ್ಲ ಅದು,
ಸುಣ್ಣದಡಿ ನೀಲಿ, ನೀಲಿಯಡಿ ಕೆಮ್ಮಣ್ಣು ಅಂತ ಕೆರೆಯುವುದಕ್ಕೆ.
ಟೇಪಿಗೆ ಕೊನೆಯ ಮಾತೊಂದೇ ನೆನಪು.
ಅಂದೆ. ಅಂದಮೇಲೂ ಅವಳು ಸ್ಟೂಲಿನಿಂದ ಏಳಲಿಲ್ಲ.

ಪ್ಲೇ ಒತ್ತಿದೆ.
ಅರ್ಧ ಗಂಟೆಗೆ ಚೂರು ಕಡಿಮೆ ಮ್ಯಾಚು. ಲುಂಗಿ ಕಟ್ಟಿದ ಅಂಪೈರು,
ಬೌಂಡರಿಗೆ ನಿಲ್ಲಿಸಿದ ಲೂನಾ,
ಕ್ಯಾಚು ಬಿಟ್ಟವನಿಗೆ ಒಂದು ಇಡೀ ಓವರಿನಷ್ಟು ಬೈಗುಳ.
ಆಮೇಲೆ ಪರದೆ ನೀಲಿಯಾಯಿತು.
ಮುಗೀತಲ್ಲ, ಅಂದಳು.
ನಾನು ಮೆನುವಿಗೆ ಹೋಗಿ ನೀಲಿಯನ್ನು ತೆಗೆದುಹಾಕಿದೆ.

ಪರದೆ ತುಂಬ ಬಿಳಿ ಚುಕ್ಕಿ, ಚಟಪಟ ಸದ್ದು.
ಕಂಪನಿಯವರು ಇದಕ್ಕೆ ಸ್ನೋ ಅನ್ನುತ್ತಾರೆ.
ದಾವಣಗೆರೆಯಲ್ಲಿ ಅದನ್ನು ಕಂಡವರು ಯಾರು?
"ನಮ್ಮ ಭಟ್ಟಿ!" ಅಂದಳು ಖೈರುನ್ನೀಸಾ,
"ಕಾದ ಮರಳಿಗೆ ಅಕ್ಕಿ ಬಿದ್ರೆ ಹಿಂಗೇ ಏಳತೈತಿ ಮಂಡಕ್ಕಿ."

ಅಳಿಸುವ ಹೆಡ್ಡು ಮೊದಲು, ಬರೆಯುವ ಹೆಡ್ಡು ಆಮೇಲೆ.
ನಡುವೆ ನಾಲ್ಕು ಬೆರಳಗಲ ಟೇಪು.
ಬರೆಯುವುದನ್ನು ಯಾರಾದರೂ ತಟ್ಟನೆ ನಿಲ್ಲಿಸಿದರೆ
ಅಷ್ಟು ಮಾತ್ರ, ಅಳಿಸಿಕೊಂಡೂ
ಏನೂ ಬರೆಸಿಕೊಳ್ಳದೆ ಉಳಿದುಬಿಡುತ್ತದೆ.
ಅದರಾಚೆ, ಯಾವ ಹೆಡ್ಡೂ ಮುಟ್ಟದ ಕಡೆ,

ಹನ್ನೊಂದು ಸೆಕೆಂಡು.

ಶಾಮಿಯಾನದ ಕಂಬ. ಕಂಬಕ್ಕೆ ಕಟ್ಟಿದ ಟ್ಯೂಬ್‌ಲೈಟು.
ಬಿಳಿ ಟೋಪಿಯ ಹಿರಿಯರೊಬ್ಬರು, ಕೈಯಲ್ಲಿ ತಟ್ಟೆ,
ನೇರ ಲೆನ್ಸಿನೊಳಕ್ಕೆ ಬಗ್ಗಿ:
"ಉಂಡ್ಯೇನಪ್ಪಾ ನೀನು?"
ಲೆನ್ಸಿನ ಹಿಂದಿನಿಂದ ಒಂದು ದನಿ:
"ಟೇಪ್ ಮುಗೀಲಿ ಸಾಹೇಬ್ರೆ, ಉಣ್ತೀನಿ."
ಟೇಪು ಮುಗಿಯಿತು.

ಅಬ್ಬಾ, ಅಂದಳು ಅವಳು.
ನಾನೇನೂ ಅನ್ನಲಿಲ್ಲ. ಆ ದನಿ ಮುರಿಗೆಪ್ಪನವರದು.
ಈ ರೂಮು, ಈ ಡೆಕ್ಕು, ಅವಳು ಕೂತ ಸ್ಟೂಲು ಅವರದು.
ಕೆಲಸ ಕಲಿಸುವಾಗ ಅವರು ಹೇಳಿದ ಮೊದಲ ಮಾತು:
ಕ್ಯಾಮೆರಾದವನ ದನಿ ಎಲ್ಲಿ ಬಿದ್ದರೂ ಅಲ್ಲಿ ಶಹನಾಯಿ ಹಾಕು.
ಹದಿನೆಂಟು ವರ್ಷ ಹಾಕಿದೆ. ಎಷ್ಟು ಮದುವೆ,
ಎಷ್ಟು "ಸ್ವಲ್ಪ ಈ ಕಡೆ ನೋಡವ್ವಾ",
ಒಂದೂ ಉಳಿಯದ ಹಾಗೆ.

ಸ್ಲೋ ಮೋಷನ್ ಮಾಡಲೇ, ಕೇಳಿದೆ.
ಹನ್ನೊಂದನ್ನು ನಲವತ್ತು ಮಾಡಬಹುದು.
"ಬ್ಯಾಡ್ರಿ. ಅವರು ಹಂಗೆ ಎಳೆದೆಳೆದು ಮಾತಾಡೋರಲ್ಲ."
ಮ್ಯಾಚು ಕತ್ತರಿಸಲೇ?
"ಇರಲಿ. ಕ್ಯಾಚ್ ಬಿಟ್ಟೋನು ನಮ್ಮಣ್ಣ."

ಸಂಜೆ ಟೈಮ್‌ಲೈನಿನ ಮೇಲೆ ಮೂರು ತುಂಡು:
ಮ್ಯಾಚು, ಮಂಡಕ್ಕಿ, ಊಟದ ಮಾತು.
ಕೂಡುವ ಕಡೆ ಡಿಸಾಲ್ವ್ ಹಾಕಲಿಲ್ಲ,
ಹೃದಯ ಬಿಚ್ಚಿಕೊಳ್ಳುವ ಆ ವೈಪಂತೂ ಇಲ್ಲವೇ ಇಲ್ಲ.
ಶಹನಾಯಿಯ ಫೈಲಿನ ಮೇಲೆ ಬೆರಳಿತ್ತು, ಅಭ್ಯಾಸಕ್ಕೆ.
ತೆಗೆದೆ.

ರೆಂಡರ್ ಆಗಲು ಇನ್ನೂ ಇಪ್ಪತ್ತು ನಿಮಿಷ.
ಗೇಟು ಬಿತ್ತು. ಕೆಳಗೆ ಹಾರ್ನು, ಬೈಗುಳ, ಆಟೋಗಳು.
ಮಧ್ಯಾಹ್ನದ ಡಬ್ಬಿ ಹಾಗೇ ಇತ್ತು ಕಿಟಕಿಯಲ್ಲಿ,
ರೊಟ್ಟಿ ಸೆಟೆದಿತ್ತು.