ಅರ್ಧ ಗಂಟೆ ಹತ್ತಿ

"ಗಟ್ಟಿಯಾಗಿ ಕಚ್ಚಿಕೊಳ್ಳಿ ಸಾರ್, ಅರ್ಧ ಗಂಟೆ ಮಾತು ಬೇಡ"
ಎಂದಳು ಡೆಂಟಲ್ ಕಾಲೇಜಿನ ಹುಡುಗಿ,
ಕಿತ್ತ ಮೋಲಾರನ್ನು ಸ್ಟೀಲ್ ತಟ್ಟೆಗೆ ಟಣ್ಣನೆ ಹಾಕಿ.

ಮೂವತ್ತೊಂದು ವರ್ಷ ಇಂಗ್ಲಿಷ್ ಪಾಠ ಹೇಳಿದ ಬಾಯಿ ಇದು.
ಸುಮ್ಮನಿರು ಎಂದರೆ ಒಳಗೇ ಶುರು.

ಮೋಲಾ ಎಂದರೆ ಲ್ಯಾಟಿನ್ನಿನಲ್ಲಿ ಬೀಸುವ ಕಲ್ಲು.
ಅದರ ಮರಿ ಈ ಮೋಲಾರು,
ಐವತ್ತು ವರ್ಷ ಜೋಳದ ರೊಟ್ಟಿ, ಖಾರ ಮಂಡಕ್ಕಿ ಅರೆದದ್ದು.
ಇನ್ನೊಂದು ಮರಿ ಮಿಲ್ಲು.

ನಮ್ಮ ಬೀದಿಯಲ್ಲಿ ಚಮನ್ ಸಾಬರ ಹಿಟ್ಟಿನ ಮಿಲ್ಲಿತ್ತು,
ಪಟಪಟ ಬೆಲ್ಟು, ಬಿಸಿ ಹಿಟ್ಟಿನ ವಾಸನೆ.
ಅಜ್ಜಿ ಕರಿಬಸಮ್ಮನಿಗೆ ಅದು ಗಿರಣಿ.
ಮಿಲ್ಲೆಂದರೆ ಆಕೆಗೆ ಒಂದೇ:
ಸೈರನ್ ಊದಿ ಮಗನನ್ನು ಕರೆಯುವುದು.

ಆ ಮಿಲ್ಲಿನಲ್ಲಿ ಯಾರೂ ಏನನ್ನೂ ಬೀಸುತ್ತಿರಲಿಲ್ಲ.
ಹಿಂಜುತ್ತಿದ್ದರು, ಎಳೆಯುತ್ತಿದ್ದರು, ನೂಲುತ್ತಿದ್ದರು.
ಕಲ್ಲೇ ಇಲ್ಲದ ಕಡೆ ಕಲ್ಲಿನ ಹೆಸರು ಯಾಕೆ?
ಮೊದಲ ವರ್ಷದ ಬಿ.ಎ., ಅಪ್ಪನನ್ನೇ ಕೇಳಿದ್ದೆ.
"ಚಕ್ರ ತಿರುಗ್ತತಲ್ಲಪ, ಅದಕ್ಕ"
ಎಂದ ರಿಂಗ್ ಫ್ರೇಮಿನ ಕೊಟ್ರಪ್ಪ.
ಡಿಕ್ಷನರಿಯೂ ಅದನ್ನೇ ಹೇಳುತ್ತದೆ, ಸ್ವಲ್ಪ ಉದ್ದಕ್ಕೆ.

ಮಿಲ್ಲು ಮುಚ್ಚಿದಾಗ ಸಿಕ್ಕ ಲೆಕ್ಕದಲ್ಲಿ
ಅವನೇ ಕೊಡಿಸಿದ ದಪ್ಪ ಡಿಕ್ಷನರಿ;
ಎಂ ಅಕ್ಷರದ ಹತ್ತಿರ ಬೆನ್ನು ಬಿಟ್ಟಿದೆ.
ನಾಣ್ಯದ ಅಂಚಿಗೆ ಗೀರು ಹಾಕುವುದೂ ಮಿಲ್ಲಂತೆ.
ದಿಕ್ಕಿಲ್ಲದೆ ಜನ ಸುತ್ತುವುದೂ ಮಿಲ್ಲಂತೆ.
ಬೀಗ ಬಿದ್ದ ವಾರ ಗೇಟಿನ ಮುಂದೆ
ಹಾಗೇ ಸುತ್ತುತ್ತಿದ್ದರು ಎಲ್ಲ, ಟಿಫಿನ್ ಡಬ್ಬಿ ಸಮೇತ.

ಕನ್ನಡವೇನು ಕಡಿಮೆಯಲ್ಲ.
ರಾಗಿ ಬೀಸು, ಬಲೆ ಬೀಸು, ದೊಣ್ಣೆ ಬೀಸು.
ಕಿಟಕಿಯಿಂದ ಈಗ ಬೀಸುತ್ತಿರುವುದು
ಮಂಡಕ್ಕಿ ಭಟ್ಟಿಯ ಹೊಗೆ.
ಅರೆ ಎಂದರೆ ನುಣ್ಣಗೆ ಮಾಡು, ಅರೆ ಎಂದರೆ ಅರ್ಧ.
ಇನ್ನೂ ಹದಿನೈದು ನಿಮಿಷ.

ಒಂದು ಪದ ಮಾತ್ರ ಕ್ಲಾಸಿನಲ್ಲಿ ಬಿಡಿಸಲಿಲ್ಲ ಎಂದೂ.
ಇಮ್ಮೊಲೇಟ್. ಬಲಿ ಕೊಡು ಅಂತ. ಒಳಗೆ ಅದೇ ಮೋಲಾ.
ರೋಮಿನಲ್ಲಿ ಕಡಿಯುವ ಮೊದಲು ಪಶುವಿನ ತಲೆಗೆ
ಉಪ್ಪು ಬೆರೆಸಿದ ಹಿಟ್ಟು ಉದುರಿಸುತ್ತಿದ್ದರಂತೆ.
ನಮ್ಮಲ್ಲಿ ನೀರು.
ಕುರಿ ಮೈ ಒದರಿದರೆ ಒಪ್ಪಿತು ಅಂತ,
ಜಡ್ತಿ ಕೊಟ್ಟಿತು ಅಂತ.

ಸೆಕೆಂಡ್ ಶಿಫ್ಟ್ ಮುಗಿಸಿ ಬರುತ್ತಿದ್ದ ಅಪ್ಪ,
ತಲೆ, ಹುಬ್ಬು, ಕಿವಿಯ ಕೂದಲು, ಎಲ್ಲಾ ಬಿಳಿ.
ಹೊಸ್ತಿಲ ಹೊರಗೇ ನಿಂತು ಜೋರಾಗಿ ಮೈ ಒದರುತ್ತಿದ್ದ.
ದೀಪದ ಬೆಳಕಲ್ಲಿ ಹತ್ತಿ ಹಾರುವುದು ನೋಡಿ
ನಾನೂ ತಂಗಿಯೂ ಚಪ್ಪಾಳೆ,
ಇನ್ನೊಂದ್ಸಲ ಅಪ್ಪ, ಇನ್ನೊಂದ್ಸಲ.
ಅವನು ಮತ್ತೆ ಒದರುತ್ತಿದ್ದ.
ಆಮೇಲೆ ಕೆಮ್ಮು, ಬಹಳ ಹೊತ್ತು.

"ಸಾರ್, ಟೈಮಾಯ್ತು. ಉಗೀರಿ."
ಉಗಿದೆ. ಕೆಂಪಗೆ, ಒಡೆಯದ ಹತ್ತಿಕಾಯಿಯಷ್ಟು ಗಟ್ಟಿ.
ಹಲ್ಲು ಬೇಕಾ ಎಂದು ಕೇಳಿದಳು, ನಗುತ್ತಾ.
ಬೇಕು ಎಂದೆ. ಮಾತು ಇನ್ನೂ ತೊದಲು.

ಆಟೋ ಹಳೇ ಗೇಟು ದಾಟುವಾಗ ಜೇಬಿನಲ್ಲಿ
ಹಲ್ಲೂ ಐದು ರೂಪಾಯಿ ನಾಣ್ಯವೂ
ಒಂದಕ್ಕೊಂದು ತಿಕ್ಕಿ, ಸಣ್ಣಗೆ
ಏನನ್ನೋ ಬೀಸುತ್ತಿವೆ.