ಒಡ್ಯಾಣ

ಗರಗಸದ ಗುಂಡಿಯಲ್ಲಿ ಇಬ್ಬರಿಗೆ ಜಾಗ.
ಮೇಲೆ ನಿಂತವನಿಗೆ ಗೆರೆ, ಕೆಳಗಿನವನಿಗೆ ಹೊಟ್ಟು.
ಮೇಲೆ ಜೇಬೆಜ್ ಕ್ರೌಚ್. ಕೆಳಗೆ ನಾನು, ಆಂಬ್ರೋಸ್ ಟಕ್‌ವೆಲ್.
ಡೆಟ್‌ಫರ್ಡಿನ ಹಡಗುಕಟ್ಟೆಯಲ್ಲಿ ಹತ್ತೊಂಬತ್ತು ವರುಷ
ನನ್ನ ಪಾಲಿನ ಆಕಾಶವೆಂದರೆ
ಓಕ್ ದಿಮ್ಮಿಯ ಹೊಟ್ಟೆ,
ಅದರಾಚೆ ಕ್ರೌಚನ ಬೂಟಿನ ತೂತು.

ರಾಯಲ್ ಕಾನ್‌ಸ್ಟೆನ್ಸಿ ಮೊದಲು ಹುಟ್ಟಿದ್ದು ಹಾಳೆಯ ಮೇಲೆ.
ಮಾಸ್ಟರ್ ಹ್ಯಾಲೊಬಿಯ ಕೈವಾರ ತಿರುಗಿತು:
ಕಮಾನಿಗೆ ಕಮಾನು ತಾಗಿ ಒಂದು ಪಕ್ಕೆಲುಬು,
ಪಕ್ಕೆಲುಬುಗಳ ಸಾಲು ಸೇರಿ
ಮುಂದೆ ಕಾಡ್ ಮೀನಿನ ತಲೆ, ಹಿಂದೆ ಬಂಗಡೆಯ ಬಾಲ.
ಲೆಕ್ಕವೆಲ್ಲ ಅಪ್ಪನಿಂದ ಮಗನಿಗೆ, ಕಿವಿಯಲ್ಲಿ;
ಹಾಳೆ ಬೀಗದ ಪೆಟ್ಟಿಗೆಯಲ್ಲಿ.
ಆದರೆ ಅಡ್ಡತೊಲೆ ಕೊಯ್ದವನಿಂದ
ಹಡಗಿನ ನಡುವಿನಳತೆ ಮುಚ್ಚಿಡಲಾಗದು.
ನಲವತ್ತೊಂದು ಅಡಿ.

ಆಮೇಲೆ ಅರಮನೆಯಿಂದ ಕಾಗದ ಬಂತು:
ಎರಡು ಸಾಲು ಫಿರಂಗಿ ಸಾಲದು, ಮೂರಿರಲಿ.
ಇನ್ನೊಂದು ಕಾಗದ: ಹಿಂಭಾಗಕ್ಕೆ ಚಿನ್ನದ ರೇಕು.
ಕೆತ್ತುವ ಗಿಡಿಯನ್ ಸ್ನೇಪ್ ಸಮುದ್ರದೇವತೆಗಳನ್ನೂ
ಕೆನ್ನೆಯುಬ್ಬಿದ ರೆಕ್ಕೆಯ ಮಕ್ಕಳನ್ನೂ ತಂದು ತಂದು ಮೆತ್ತಿದ;
ಒಂದು ಮಗುವಿಗೆ ತನಗೆ ಸಾಲ ಕೊಟ್ಟವನ ಮುಖವಿಟ್ಟು
ಸೇಡು ತೀರಿಸಿಕೊಂಡ.
ಹಡಗು ಎತ್ತರಕ್ಕೆ ಏರುತ್ತಲೇ ಹೋಯಿತು.
ನಡು ಮಾತ್ರ ನಲವತ್ತೊಂದೇ.

ಬುತ್ತಿ ತಂದ ಥಾಮಸಿನ್, ನನ್ನ ಹೆಂಡತಿ,
ಏಳು ತಿಂಗಳ ಬಸುರಿ, ತಲೆಯೆತ್ತಿ ನೋಡಿ ಅಂದಳು:
"ಇವಳಿಗೆ ರವಿಕೆ ಬಿಗಿಯಾಯಿತಲ್ಲ."
ತನ್ನದರ ಹೊಲಿಗೆ ಬಿಚ್ಚಿ ಎರಡು ಪಟ್ಟಿ ಬಟ್ಟೆ
ಸೇರಿಸಿಕೊಂಡಿದ್ದಳು ಅದೇ ವಾರ.
ಮಾತನ್ನು ನಾನು ಮೇಸ್ತ್ರಿಗೆ ಮುಟ್ಟಿಸಿದೆ.
ಮೇಸ್ತ್ರಿ ಕ್ರೌಚನಿಗೆ ಹೇಳಿ ನಕ್ಕ.
ಕ್ರೌಚ್ ನನ್ನ ಮೇಲೆ ಹೊಟ್ಟು ಸುರಿಸುತ್ತಾ ನಕ್ಕ.

ನೀರಿಗಿಳಿದ ದಿನ ಕಹಳೆ.
ಬೆಳ್ಳಿಯ ಬಟ್ಟಲಲ್ಲಿ ವೈನ್ ಕುಡಿದು
ಬಟ್ಟಲನ್ನೇ ಥೇಮ್ಸಿಗೆ ಎಸೆದರು.
ದೋಣಿಯ ಹುಡುಗರು ಮೂರು ದಿನ ಕೆಸರು ಬಗೆದರು.

ಕಾನ್‌ಸ್ಟೆನ್ಸಿ ಎಂದರೆ ಅಲುಗದವಳು ಎಂದರ್ಥ.
ಮೊದಲ ಗಾಳಿಗೇ ಒರಗಿದಳು,
ಹೆಂಡದಂಗಡಿಯಿಂದ ಹೊರಟವನು ಗೋಡೆ ಹುಡುಕುವಂತೆ.
ಸಫೋಕ್ ಕರಾವಳಿಯಾಚೆ ಡಚ್ಚರು ಎದುರಾದಾಗ
ಕೆಳಸಾಲಿನ ಕಿಂಡಿ ತೆರೆದರೆ ಕಡಲೇ ಒಳಗೆ.
ಇಪ್ಪತ್ತಾರು ದೊಡ್ಡ ಫಿರಂಗಿಗಳು
ಮುಚ್ಚಿದ ಕದದ ಹಿಂದೆ ಬಾಯಿ ಕಟ್ಟಿ ಕೂತವು.
ಮೇಲಿನವು ಮಾತ್ರ ಕೂಗಾಡಿದವು.
ಹೋದವರಲ್ಲಿ ನೂರ ಹನ್ನೊಂದು ಜನ ಮರಳಲಿಲ್ಲ;
ಸ್ನೇಪನಿಗೆ ಸಾಲ ಕೊಟ್ಟವನ ಮೂಗು ಹಾರಿತ್ತು.

ಆಗ ಒಡ್ಯಾಣ.
ನೀರು ತಾಗುವಲ್ಲಿ, ಸೊಂಟದ ಸುತ್ತ,
ಟಾರು ಬಳಿದು, ದನದ ಕೂದಲು ಮೆತ್ತಿ
ಹಲಗೆಯ ಮೇಲೆ ಹಲಗೆ ಜಡಿಯಬೇಕು,
ಪಕ್ಕಕ್ಕೆ ಹತ್ತಂಗುಲ.
ಕೊಯ್ದವರು ನಾವೇ. ಈ ಸಲ ಕ್ರೌಚ್ ನಗಲಿಲ್ಲ.
ಆಮೇಲೆ ನೆಟ್ಟಗೆ ನಿಂತಳು, ಇಪ್ಪತ್ತೆಂಟು ವರುಷ.
ನೌಕಾ ಕಚೇರಿಯ ಗೋಡೆಗೆ ತೂಗಿದ ಹಾಳೆಯಲ್ಲಿ
ಈಗಲೂ ಸಣ್ಣ ನಡುವಿನ ಚೆಲುವೆಯಂತೆ.
ಒಡ್ಯಾಣವನ್ನು ಯಾರೂ ಬರೆಯಲಿಲ್ಲ.

ಕಳೆದ ಮಾಗಿಯಲ್ಲಿ ಒಡೆದು ಮಾರಿದರು ಅವಳನ್ನು.
ಬುತ್ತಿ ತಂದ ದಿನ ಹೊಟ್ಟೆಯಲ್ಲಿದ್ದ ಮಗಳನ್ನು
ಎಸೆಕ್ಸಿನ ರೈತನಿಗೆ ಕೊಟ್ಟಿದೆ;
ಅಳಿಯ ಎರಡು ಗಾಡಿ ಹಲಗೆ ತಂದು ಕಣಜ ಕಟ್ಟಿದ.
ನನ್ನ ಕಣ್ಣು ಹೊಟ್ಟಿನ ಪಾಲಾಗಿದೆ. ಬೆರಳಿದೆ.
ತಡವಿದೆ: ಎರಡು ಮರ, ನಡುವೆ ಒಣಗಿದ ಕೂದಲು,
ಗರಗಸದ ಗೀರು, ಒತ್ತೊತ್ತಾಗಿ.
ಗೆರೆ ಹಿಡಿದು ನಡೆಸಿದವನು ಮೇಲಿನವನು, ನಿಜ.
ಆದರೆ ಹಲ್ಲು ಕಚ್ಚುವುದು
ಕೆಳಕ್ಕೆ ಎಳೆದಾಗ.

ತೊಲೆಯ ಮೇಲೆ ಕೋಳಿಯೊಂದು ಮಗ್ಗುಲು ಬದಲಿಸಿತು.
ಪುಡಿಯಂಥದ್ದೇನೋ ಹಣೆಗೆ ಉದುರಿತು.
ಒರೆಸಿಕೊಂಡೆ, ರೂಢಿಯಂತೆ.